ಹನ್ನೊಂದು ಪಂಜಾ

ನಿಜಾಮರ ಫಸಲಿ ಪಂಚಾಂಗದ ಬಹಮನ್ ತಿಂಗಳ ಏಳನೇ ತಾರೀಖಿನ ದಿನಚರಿ ಪುಟದಲ್ಲಿ ಹೀಗೆ ಬರೆದಿದ್ದೇನೆ: "ಬೇರು ಒಟ್ಟು ಹನ್ನೊಂದು. ಐದು ಬೆರಳಿನವು ನಾಲ್ಕು, ನಾಲ್ಕು ಬೆರಳಿನವು ಐದು, ಮೂರು ಬೆರಳಿನವು ಎರಡು. ಸಂಶಯ."

ಆಗ ನಾನು ಆಳಂದದ ಶಾಲೆಗೆ ಹೊಸದಾಗಿ ಸೇರಿದ ಮಾಸ್ತರ. ಅಕ್ಕ ಅಫಜಲಪುರದಿಂದ ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ ಸೊರಗಿದ್ದಳು. ಎದೆಹಾಲು ಸಾಲದೆ ಕೂಸಿಗೆ ಆಡಿನ ಹಾಲು ಕುಡಿಸುತ್ತಿದ್ದೆವು. ನಮ್ಮ ಓಣಿಯ ಹಕೀಮರು ನೋಡಿ 'ಸಾಲಂ ಪಂಜಾ' ಎಂಬ ಬೇರು ಕೊಟ್ಟರು. ದಿನಕ್ಕೊಂದು ಕುಟ್ಟಿ ಹಾಲಿನಲ್ಲಿ ಕುದಿಸಿ ಕುಡಿಸಬೇಕು. ಕಾಶ್ಮೀರದ ಗುಡ್ಡಗಳಲ್ಲಿ ಹಿಮ ಕರಗಿ ಸದಾ ಒದ್ದೆಯಾಗಿರುವ ಹುಲ್ಲುನೆಲದ ಹೂಗಿಡವಂತೆ. ಬೇರು ಅಂಗೈಯಂತೆ ಬೆರಳು ಒಡೆದಿರುತ್ತದಂತೆ, ಅದಕ್ಕೇ ಪಂಜಾ, ಅಂದರೆ ಕೈ. ಅದು ಆರ್ಕಿಡ್ ಜಾತಿಯದೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಆ ಗಿಡ ಕಂಡವರು ಯಾರು? ಜೇವರ್ಗಿ ಸಂತೆಯಲ್ಲಿ ಒಬ್ಬ ಆಲೂಗಡ್ಡೆ ಕೊರೆದು ಒಣಗಿಸಿ ಇದೇ ಹೆಸರಲ್ಲಿ ಮಾರಿದ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು.

ಮನೆಗೆ ಹಿರಿಯಳಾದ ಆಯಿಗೆ ಮಾತ್ರ ಸಂಶಯವಿರಲಿಲ್ಲ. ಐದು ಬೆರಳಿನದೊಂದನ್ನು ಕಣ್ಣಿಗೊತ್ತಿಕೊಂಡು, "ಇದು ಅಲಾಯಿ ದೇವರ ಪಂಜಾನೇ ಅದ. ಕುಟ್ಟಾಕ ಮನಸ್ಸು ಹೆಂಗ ಬರ್ತದೋ?" ಎಂದು, ಮೊಹರಮ್ಮಿನಲ್ಲಿ ಹೊರುವ ಲೋಹದ ಕೈಯನ್ನೇ ಕಂಡವಳಂತೆ, ದೇವರ ಜಗಲಿಯ ಮೇಲಿಟ್ಟಳು. ಉಳಿದದ್ದು ಹತ್ತು.

ಎಂಟನೇ ತಾರೀಖು ಹಕೀಮರ ಅಂಗಡಿಗೆ ಹೋದೆ.

"ಹಕೀಮ್‌ಸಾಬ್, ಮೂರು ಬೆರಳಿನ ಕೈ ಎಲ್ಲ್ಯಾರೆ ಇರ್ತದೇನ್ರಿ?"

"ಮಾಸ್ತರ್ರ, ಹುಡುಗರದು ಸಾಲದಂತ ಬೇರಿನ ಹಾಜರಿನೂ ತೊಗೊಳ್ಳಾಕತ್ತೀರೇನ್ರಿ? ಹಾದಿಯೊಳಗ ಮುರದಿರ್ತಾವ."

ಉತ್ತರ ತಡವರಿಸದೆ ಬಂತು. ಅದೇ ನನಗೆ ಸರಿಬರಲಿಲ್ಲ.

ನನ್ನ ಪರೀಕ್ಷೆ ಶುರುವಾಯಿತು. ಒಂದನ್ನು ತಣ್ಣೀರಲ್ಲಿ, ಒಂದನ್ನು ಬಿಸಿನೀರಲ್ಲಿ ನೆನೆಹಾಕಿದೆ. ಎರಡೂ ಉಬ್ಬಿದವು. ಒಣಗಿದ ಆಲೂಗಡ್ಡೆಯೂ ಉಬ್ಬುತ್ತದಲ್ಲ! ಒಂದನ್ನು ಸೀಳಿ ನೋಡಿದೆ. ಒಂದನ್ನು ಕುದಿಸಿದೆ, ಗಂಜಿಯಂತೆ ಲೋಳೆಯಾಯಿತು. ವಿಷವಿದ್ದರೆ ಎಂದು ಒಂದನ್ನು ಹಾಲಿಗೆ ಹಾಕಿ ನಾನೇ ಕುಡಿದೆ. ಏನೂ ಆಗಲಿಲ್ಲ. ಒಂದು ಸಲದ ಮಾತು ನಂಬುವುದು ಹೇಗೆಂದು ಮರುದಿನ ಇನ್ನೊಂದು ಕುಡಿದೆ.

ಹದಿನಾರನೇ ತಾರೀಖು ಒಂದು ಬೇರು ಕಿಸೆಯಲ್ಲಿಟ್ಟುಕೊಂಡು ಮತ್ತೆ ಹೋದೆ. ಹಕೀಮರು ಈ ಸಲ ಪೆಟ್ಟಿಗೆಯ ತಳದಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಒಣಗಿದ ಇಡೀ ಗಿಡ. ಗೇಣುದ್ದದ ದಂಟು, ತುದಿಯಲ್ಲಿ ಬಣ್ಣಗೆಟ್ಟ ಹೂಗೊಂಚಲು, ಬುಡದಲ್ಲಿ ಬೇರಿನ ಎರಡು ಕೈ, ಒಂದು ಕಪ್ಪು, ಒಂದು ಬಿಳಿ.

"ಕರೀದು ಹಳೇದ್ರಿ, ಈ ದಂಟು ಎಬ್ಬಿಸಿ ತಾ ಬತ್ತೇದ. ಬಿಳೀದು ಬರೋ ವರ್ಷದ್ದು. ದವಾಕ್ಕ ಬಿಳೀದೇ ಬೇಕು."

ನನ್ನದನ್ನು ಪಕ್ಕಕ್ಕಿಟ್ಟು ನೋಡಿದೆ. ಅದೇ ಬಿಳುಪು, ಅದೇ ಸುಕ್ಕು, ನೆತ್ತಿಯಲ್ಲಿ ಅದೇ ಒಣಮೊಗ್ಗು.

"ಖರೇ ಅದರಿ," ಎಂದೆ.

"ಅಕ್ಕನವರು ಎಷ್ಟು ದಿನ ತೊಗೊಂಡ್ರು?"

ದಿನಚರಿ ತೆರೆದೆ. ಅಕ್ಕನಿಗೆ ಕುಡಿಸಿದ ಲೆಕ್ಕದ ಸಾಲು ಖಾಲಿಯಿತ್ತು. ಹಕೀಮರು ನಗಲಿಲ್ಲ. "ಯುಗಾದಿ ತನಕ ಹೈದರಾಬಾದಿನಿಂದ ಮಾಲು ಬರಂಗಿಲ್ರಿ ಮಾಸ್ತರ್ರ," ಎಂದರು.

ಜಗಲಿಯದು ಬಿಟ್ಟರೆ, ಕಿಸೆಯದೂ ಸೇರಿ ಉಳಿದದ್ದು ನಾಲ್ಕೇ ಬೇರು. ಕೂಸು ಅಳುತ್ತಿತ್ತು. ಎಲ್ಲ ಒಪ್ಪಿಕೊಂಡೆ. ಅಕ್ಕ ಗೋಡೆಗೊರಗಿಕೊಂಡೇ, "ಎರಡು ನೀನೇ ಕುಡದಿ? ನಾ ಬಾಣಂತಿನೋ, ನೀ ಬಾಣಂತಿಯೋ ಲೇ?" ಎಂದಳು. ಆಯಿ ಜಗಲಿಯ ಪಂಜಾ ಇಳಿಸಿ, ಇನ್ನೊಮ್ಮೆ ಕಣ್ಣಿಗೊತ್ತಿಕೊಂಡು, ತಾನೇ ಕುಟ್ಟಲು ಕೂತಳು.

ಹದಿನಾರರಿಂದ ಇಪ್ಪತ್ತರವರೆಗೆ ಐದು ದಿನ, ಐದು ಬೇರು. ಇಪ್ಪತ್ನಾಲ್ಕರಂದು ಆಡಿನ ಹಾಲು ಅರ್ಧ ಉಳಿಯಿತು. ಕೂಸು ಎದೆಹಾಲು ಕುಡಿದು ಹೊಟ್ಟೆ ತುಂಬಿ ಅಕ್ಕನ ಮಗ್ಗುಲಲ್ಲೇ ಮಲಗಿತ್ತು. ಬೇರಿನ ಗುಣವೋ, ಅದರ ಜೊತೆ ಅಕ್ಕ ಕುಡಿದ ಬರೀ ಹಾಲಿನದೋ ಎಂದು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದೇನೆ. ಪರೀಕ್ಷಿಸಲು ಬೇರು ಉಳಿದಿರಲಿಲ್ಲ.