ಅಂಚಿನಲ್ಲಿ ಉಳಿದ ಒತ್ತಕ್ಷರ

ನಮ್ಮ ಕಚೇರಿಯ ಜೆರಾಕ್ಸ್ ಮೆಷಿನ್ನಿಗೆ ಕಾಯಿಲೆ ಬಂದರೆ ಮಸಿಯಪ್ಪನೇ ಬರಬೇಕು. ಹೆತ್ತವರು ಇಟ್ಟ ಹೆಸರು ಬೇರೆ. ಉಗುರು ಸಂದಿಯಲ್ಲಿ ಸದಾ ಟೋನರ್ ಪುಡಿ ಮೆತ್ತಿಕೊಂಡಿರುತ್ತಿದ್ದುದರಿಂದ ಈ ಹೆಸರು ನಾನಿಟ್ಟದ್ದು. ಹದಿನಾಲ್ಕು ವರ್ಷ ಆ ಮೆಷಿನ್ನಿನ ಪಕ್ಕದ ಮೇಜಿನಲ್ಲಿ ಕೂತ ಗುಮಾಸ್ತೆ ನಾನು, ಅಷ್ಟು ಸಲುಗೆ ಇತ್ತು. ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಅವನು ರೋಗ ಹೇಳುತ್ತಿದ್ದ. ಒಂದೇ ಅಂತರದಲ್ಲಿ ಚುಕ್ಕೆ ಬಿದ್ದರೆ ಡ್ರಮ್ಮಿಗೆ ಗೀರು. ಸವರಿದರೆ ಅಕ್ಷರ ಉದುರಿದರೆ ಶಾಖ ಸಾಲದು. ಉದ್ದಕ್ಕೆ ಬಿಳಿ ಗೆರೆ ಬಂದರೆ ಒಳಗಿನ ಗಾಜಿಗೆ ಧೂಳು. "ನಾಡಿ ನೋಡೋ ವೈದ್ಯರೂ ಇಷ್ಟು ಜಂಬ ಮಾಡಲ್ಲ ಕಣಪ್ಪಾ" ಎಂದು ರೇಗಿಸುತ್ತಿದ್ದೆ.

ಗಂಟಲಿನ ಆಪರೇಷನ್ ಆಗಿ ಅವನ ಹೆಂಡತಿಯ ಮಾತು ನಿಂತುಹೋಯಿತು. ಆಮೇಲೆ ಆಕೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದೇ ಹೇಳುತ್ತಿದ್ದಳು. ಅವರ ಮನೆಯಲ್ಲಿ ಕಾಗದಕ್ಕೇನು ಬರ? ಕೆಟ್ಟುಹೋದ ಜೆರಾಕ್ಸ್ ಹಾಳೆಗಳು ರಾಶಿ ರಾಶಿ, ಹಿಂಬದಿ ಖಾಲಿ. "ಮಾತು ನಿಂತ್ಮೇಲೇ ಜಾಸ್ತಿ ಬೈತಾಳೆ ಅಕ್ಕಾ, ನಿನ್ನೆ ಎರಡು ಹಾಳೆ ಬೈದ್ಲು" ಎಂದು ನಗುತ್ತಿದ್ದ. ನಗುತ್ತಲೇ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಮಸಿ ಮಾಡಿಕೊಳ್ಳುತ್ತಿದ್ದ.

ಮೇಲಧಿಕಾರಿ ಬರುವ ದಿನವೇ ಪ್ರತಿ ಹಾಳೆಯ ನಡುವೆ ಬಿಳಿ ಗೆರೆ ಕಾಣಿಸಿತು. ಫೋನ್ ಮಾಡಿದೆ. ಆಸ್ಪತ್ರೆಯಲ್ಲಿದ್ದೀನಿ, ಅವಳಿಗೆ ಹುಷಾರಿಲ್ಲ ಎಂದ. "ಒಂದು ಗಂಟೆ ಬಂದು ಹೋಗಪ್ಪಾ, ಆಸ್ಪತ್ರೆ ಎಲ್ಲಿಗೆ ಓಡಿಹೋಗುತ್ತೆ?" ಎಂದೆ. ಆಗ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ!

ಬಂದ. ಗಾಜು ಒರೆಸಿದ. ಚೀಲದಿಂದ ಒಂದಷ್ಟು ಹಿಂಬದಿ ಖಾಲಿ ಹಾಳೆ ಎಳೆದು, ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ನೋಡದೆಯೇ ಮೆಷಿನ್ನಿಗೆ ತುಂಬಿದ. ಮುಚ್ಚಳ ತೆರೆದಿಟ್ಟು ಗುಂಡಿ ಒತ್ತಿದರೆ ಹಾಳೆ ಪೂರ್ತಿ ಕಪ್ಪಾಗಿ ಬರಬೇಕು, ಅದೇ ಪರೀಕ್ಷೆ. ನಾಲ್ಕರಲ್ಲಿ ಗೆರೆ ಉಳಿಯಿತು, ಅವನ್ನು ಹರಿದೆಸೆದ. ಐದನೆಯದು ಕಾಡಿಗೆಗಪ್ಪು. ಕೆಲಸ ಸರಿಯಾಗಿದೆ ಅನ್ನುವುದಕ್ಕೆ ಸಾಕ್ಷಿಯಾಗಿ ಅದನ್ನು ನಾನು ಫೈಲಿಗೆ ಸೇರಿಸಿದೆ. ಅವನು ಆಸ್ಪತ್ರೆ ತಲುಪುವಷ್ಟರಲ್ಲಿ ಆಕೆ ಹೋಗಿಬಿಟ್ಟಿದ್ದಳು.

ಎರಡು ವಾರ ಕಳೆದು ಬಂದ. ಕೈ ತೊಳೆದಿತ್ತು. ಅಷ್ಟು ಬಿಳಿ ಉಗುರನ್ನು ನಾನು ನೋಡೇ ಇರಲಿಲ್ಲ, ಸಂಕಟವಾಯಿತು.

"ಅಕ್ಕಾ, ಅವತ್ತು ನಾನು ನಿಮ್ಮ ಹತ್ರ ಫೋನಲ್ಲಿ ಮಾತಾಡ್ತಿದ್ದಾಗ ಅವಳು ಏನೋ ಬರೆದ್ಲಂತೆ. ತೋರಿಸೋಕೆ ಕೈ ಚಾಚಿದ್ಲಂತೆ, ನಾನು ತಿರುಗ್ಲಿಲ್ಲ. ಚೀಲಕ್ಕೆ ಸಿಕ್ಕಿಸಿದ್ಲಂತೆ. ನಾದಿನಿ ನಿನ್ನೆ 'ಓದಿದ್ರಾ ಭಾವಾ?' ಅಂದ್ಲು. ಮನೆ, ಚೀಲ ಎಲ್ಲಾ ಜಾಲಾಡಿದೆ."

ಅವತ್ತು ಅವನು ಚೀಲದಿಂದ ಎಳೆದು ತುಂಬಿದ ಹಾಳೆಗಳು ನೆನಪಾದವು. ಫೈಲು ತೆಗೆದೆ. ಆ ಕಪ್ಪು ಹಾಳೆಯನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದ, ಓರೆ ಮಾಡಿದ, ಹಿಂಬದಿಯಲ್ಲಿ ಬೆರಳಾಡಿಸಿದ. ಕೈಯಲ್ಲಿ ಬಲವಿಲ್ಲದವಳು ಬರೆದದ್ದು, ಒಂದು ಗೀಟಿನ ತಗ್ಗೂ ಹಾಳೆಯಲ್ಲಿ ಮೂಡಿರಲಿಲ್ಲ. ಆದರೆ ಯಾವ ಮೆಷಿನ್ನೂ ತೀರಾ ಅಂಚಿಗೆ ಮಸಿ ಹಾಕುವುದಿಲ್ಲ, ಸುತ್ತಲೂ ಒಂದೆಳೆ ಬಿಳಿ ಬಿಡುತ್ತದೆ. ಕೆಳಗಿನ ಆ ಬಿಳಿಯಲ್ಲಿ, ಕಪ್ಪಿನಿಂದ ಜಾರಿ ಬಿದ್ದು, ಪೆನ್ಸಿಲಿನ ಒಂದೇ ಒಂದು ಒತ್ತು ಉಳಿದಿತ್ತು. ಲ ಒತ್ತು.

"ನೋಡು, ನೋಡು! 'ಪರವಾಗಿಲ್ಲ' ಅಂತ ಬರೆದಿದ್ದಾಳೆ. 'ಪರವಾಗಿಲ್ಲ, ಹೋಗಿಬನ್ನಿ' ಅಂತ. ಇನ್ನೇನಿರುತ್ತೆ?" ಎಂದೆ. ಅವನಿಗಿಂತ ಹೆಚ್ಚಾಗಿ ನನಗೇ ಅದು ಬೇಕಾಗಿತ್ತು.

ಅವನು ತೊಳೆದ ಬೆರಳನ್ನು ಆ ಒತ್ತಿನ ಪಕ್ಕ ಇಟ್ಟ.

"'ಇಲ್ಲೇ ಇರಿ' ಅನ್ನೋದಕ್ಕೂ ಅದೇ ಒತ್ತು ಬರುತ್ತೆ ಅಕ್ಕಾ" ಎಂದ.