ಅಮ್ಮ ತುಂಬದ ಮಡಿಲು

ತಂಗಿ ತವರಿಗೆ ಬಂದು ಹೊರಟಾಗಲೆಲ್ಲ ಅಮ್ಮ ಅವಳನ್ನು ದೇವರ ಮುಂದೆ ಕೂರಿಸಿ ಮಡಿಲಕ್ಕಿ ಹಾಕುತ್ತಿದ್ದಳು. ಸೆರಗಿಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ರವಿಕೆ ಕಣ. ತಂಗಿಯನ್ನು ಕೊಟ್ಟಿದ್ದು ಮಹದೇವಪುರಕ್ಕೆ. ಕೆ.ಆರ್. ಪುರದ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಆದರೂ ಅಮ್ಮ ಅವಳನ್ನು ಕಾಶಿಗೆ ಕಳಿಸುವ ಹಾಗೆ ಕಳಿಸುತ್ತಿದ್ದಳು. ಅದೇ ಸಂಜೆ ನಾನೂ ಕಾಕ್ಸ್ ಟೌನಿನ ಬಾಡಿಗೆ ಮನೆಗೆ ಹೊರಟಿರುತ್ತಿದ್ದೆ. ನನಗೆ ಒಂದು ಡಬ್ಬಿ ಸಾರು. ಮದುವೆಯಾಗದವಳಿಗೆ ಎಲ್ಲಿಯ ಮಡಿಲಕ್ಕಿ?

ಮದುವೆ ಬೇಡವೆಂದವಳು ನಾನೇ. ಬೇಡವೆಂದು ಚೆನ್ನಾಗಿಯೇ ಇದ್ದೆ. ಕೆಲಸವಿತ್ತು, ಗೆಳತಿಯರಿದ್ದರು, ಭಾನುವಾರ ಮಧ್ಯಾಹ್ನ ಯಾರೂ ಎಬ್ಬಿಸದ ನಿದ್ದೆಯಿತ್ತು. ಇದನ್ನು ಅಮ್ಮನಿಗೆ ನಂಬಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. "ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ," ಎಂದು ಮುಖ ತಿರುಗಿಸುತ್ತಿದ್ದಳು.

ನನ್ನ ಕೆಳಗಿನ ಮನೆಯಲ್ಲೇ ಇದ್ದ ಓನರಮ್ಮ ತಮಿಳು ಕ್ರೈಸ್ತರು. ಅವರ ಮಗಳೂ ಮದುವೆಯಾಗಿರಲಿಲ್ಲ. "ಅವಳು ಸಂತೋಷವಾಗಿದ್ದಾಳೆ. ಪೋದುಂ ಮಾ, ಅಷ್ಟು ಸಾಕು," ಎನ್ನುತ್ತಿದ್ದರು. ಹೊಟ್ಟೆ ಉರಿಯಿತು. ಹೋಗಿ ಅಮ್ಮನಿಗೆ ಹೇಳಿದೆ.

"ಅವರ ಪದ್ಧತಿ ಅವರಿಗೆ," ಎಂದಳು ಅಮ್ಮ, ಸೊಪ್ಪು ಬಿಡಿಸುತ್ತ. "ನಮ್ಮಲ್ಲಿ ಹೆಣ್ಣು ಸುಖವಾಗಿದ್ದೀನಿ ಅಂತ ತಾನೇ ಹೇಳ್ಕೊಂಡ್ರೆ ಆಗಲ್ಲ ಕಣೆ. ನೋಡ್ದೋರು ಹೇಳ್ಬೇಕು."

"ಹಾಗಾದ್ರೆ ನಂಗೂ ಒಂದ್ಸಲ ಮಡ್ಲಕ್ಕಿ ಹಾಕು. ನೋಡ್ದೋರು ಹೇಳ್ತಾರೆ."

ತಮಾಷೆಗೆ ಅಂದ ಹಾಗೆ ಅಂದೆ. ತಮಾಷೆಯಾಗಿರಲಿಲ್ಲ.

"ಅದು ಕೊಟ್ಟ ಹೆಣ್ಣಿಗೆ. ನಿನ್ನ ನಾನಿನ್ನೂ ಎಲ್ಲಿಗೂ ಕಳ್ಸಿಲ್ವಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಸಾರಿನ ಡಬ್ಬಿಯನ್ನೂ ಬಿಟ್ಟು ಹೊರಟುಬಂದೆ.

ನನ್ನ ಬುದ್ಧಿಯಾದರೂ ಎಂಥದು! ಅಮ್ಮನ ಮಾತು ಮೀರಿ ಬದುಕಿದೆ. ಆ ಬದುಕನ್ನು ಅಳೆಯಲು ಮಾತ್ರ ಅಮ್ಮನ ಸೇರನ್ನೇ ಹಿಡಿದುಕೊಂಡು ಕೂತಿದ್ದೆ. ಓನರಮ್ಮನ ಮಗಳಿಗೆ ಸಾಕಾಗಿದ್ದು ನನಗೆ ಸಾಲುತ್ತಿರಲಿಲ್ಲ. ಅಮ್ಮ ಒಪ್ಪಬೇಕಿತ್ತು. ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನಿಂದೊಂದೇ ಚಿಂತೆ," ಎನ್ನುತ್ತಲೇ ಹೋದಳು.

ವರ್ಷದ ತಿಥಿ ಕಳೆದ ಮೇಲೆ ಗೌರಿ ಹಬ್ಬ ಬಂತು. ತಮ್ಮನ ಹೆಂಡತಿ ತಂಗಿಗೆ ಮಡಿಲಕ್ಕಿ ಹಾಕಿ ಮುಗಿಸಿ ನನ್ನ ಕಡೆ ತಿರುಗಿದಳು.

"ಅಕ್ಕಾ, ನೀವೂ ಕೂತ್ಕೊಳ್ಳಿ. ಸೆರಗು ಒಡ್ಡಿ."

"ನಂಗಾ?"

"ಮತ್ತೆ? ನೀವೂ ಈ ಮನೆ ಮಗಳೇ ಅಲ್ವಾ?"

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹಾಕಿದಳು. ಅಕ್ಕಿ ಬೀಳುತ್ತಿದ್ದರೆ ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಇಷ್ಟು ವರ್ಷ ಬೇಕು ಬೇಕು ಎಂದಿದ್ದೆನಲ್ಲ, ತಗೋ. ಅಮ್ಮ ಇಲ್ಲದ ಮನೆಯಿಂದ ಕಡೆಗೂ ನನ್ನನ್ನು ಕಳಿಸಿಕೊಟ್ಟರು.

ಶಿವಾಜಿನಗರದ ಬಸ್ಸಿನಲ್ಲಿ ಸೆರಗಿನ ಗಂಟು ಬಿಚ್ಚಲು ಮನಸ್ಸಾಗದೆ ಹಾಗೇ ಹಿಡಿದು ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಅದನ್ನೂ ನನ್ನ ಮುಡಿಯ ಹೂವನ್ನೂ ನೋಡಿ ನಕ್ಕಳು.

"ತವರಿಂದ ಬರ್ತಿದ್ದೀರಾ? ಪುಣ್ಯ ಮಾಡಿದ್ದೀರ ರೀ. ಸುಖವಾಗಿದ್ದೀರ."

"ಹೌದು," ಎಂದೆ.

ನೋಡಿದವರು ಹೇಳಿದ್ದರು. ಓಡಿಹೋಗಿ ಹೇಳೋಣವೆಂದರೆ ಅಮ್ಮ ಇರಲಿಲ್ಲ. ಹಲಸೂರು ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅಳುತ್ತಲೇ ಇದ್ದೆ.