ಜಾವ್ರೆ ಅಪ್ಕೆಯ ಜಪಾನಿ ಕ್ಯಾಮೆರಾ

ಜಲ್ಗಾಸ್ ಮೊದಲ ಸಲ ಹೊರದೇಶದಿಂದ ತರಿಸಿದ್ದು ಚೀನಾದ ಒಂದು ಕೈಗಡಿಯಾರ. ಪಾರ್ಸೆಲ್ ಎಲ್ಲಿದೆ ಎಂದು ಫೋನಿನಲ್ಲಿ ನೋಡಿದರೆ ‘ಸರಕು ಬಂದರು ತಲುಪಿದೆ’ ಎಂದಿತ್ತು. ಅವನು ಕಚೇರಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮೂರು ಬಲ್ಖಾಶಿನ ಸರೋವರದ ದೋಣಿಕಟ್ಟೆಗೆ ಹೋಗಿ ನಿಂತ. ಸಾವಿರಾರು ಮೈಲಿ ನೆಲವೇ ಸುತ್ತುವರಿದಿರುವ ಆ ನೀರಿಗೆ ಚೀನಾದ ಹಡಗು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅವನ ತಲೆಗೆ ಹೊಳೆಯಲಿಲ್ಲ. ಅಲ್ಲಿ ಹೊಗೆ ಹಾಕಿದ ಮೀನು ಮಾರುತ್ತಿದ್ದ ಹೆಂಗಸರು ಮಾತ್ರ ಅವನನ್ನು ಯಾವುದೋ ಹೆಣ್ಣಿಗೆ ಕಾದು ಮೋಸಹೋದವನೆಂದು ತಿಳಿದು, ಕನಿಕರದಿಂದ ಮೀನಿನ ಬೆಲೆ ಇಳಿಸಿದರು.

ಇಂಥವನೇ ಮುಂದೆ ನಮ್ಮೂರಿನಲ್ಲಿ ‘ಹೊರದೇಶದ ಸಾಮಾನಿನ ಪಂಡಿತ’ ಎನಿಸಿಕೊಂಡ. ತಾಮ್ರದ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ಬರೆಯುವ ಗುಮಾಸ್ತನಿಗೆ ಬೇರೆ ಯಾವ ಕೀರ್ತಿಯೂ ಇರಲಿಲ್ಲವಾದ್ದರಿಂದ ಅವನೂ ಬೇಡವೆನ್ನಲಿಲ್ಲ. ಯಾರಾದರೂ ಚಾರ್ಜರ್ ತರಿಸಬೇಕೆಂದರೂ ಗಂಭೀರವಾಗಿ ಕಣ್ಣು ಕಿರಿದು ಮಾಡಿ, “ನೋಡೋಣ, ಅಪಾಯವೂ ಇದೆ, ಲಾಭವೂ ಇದೆ” ಎನ್ನುತ್ತಿದ್ದ.

ಹಾಗೆ ಅವನ ಬಳಿಗೆ ಒಂದು ದಿನ ಜಾವ್ರೆ ಬಂದಳು. ಅವಳು ಅವನ ಅಪ್ಪನ ಅಕ್ಕ. ಅವಳಿಗಿಂತ ಕಿರಿಯರೆಲ್ಲ ಅವಳನ್ನು ಕರೆಯುವುದು ಅಪ್ಕೆ, ಅಂದರೆ ದೊಡ್ಡಕ್ಕ, ಎಂದೇ. ಬಲ್ಖಾಶ್‌ನಲ್ಲಿ ನಲವತ್ತು ದಾಟದ ಯಾರ ಮದುವೆಯ ಫೋಟೊ ತೆಗೆದು ನೋಡಿದರೂ ಅದರ ಹಿಂದೆ ಜಾವ್ರೆಯ ಒಂದು ಕಣ್ಣಿದೆ. ಕಾರ್ಖಾನೆಯ ಗೋಡೆಪತ್ರಿಕೆಗೆ ಒಳ್ಳೆಯ ಕೆಲಸಗಾರರ ಮುಖ ತೆಗೆಯುವುದರಿಂದ ಶುರುಮಾಡಿದವಳು. ಒಳ್ಳೆಯ ಕೆಲಸಗಾರರು ಮುಗಿದ ಮೇಲೆ ಮದುವೆಗೆ ಬಂದೆ ಎಂದು ಅವಳೇ ಹೇಳುತ್ತಾಳೆ. ಔತಣದ ಮನೆಯಲ್ಲಿ ಯಾರಿಗೂ ನಗಿ ಎಂದವಳಲ್ಲ. “ಹಲ್ಲು ಮುಚ್ಚು, ದಂತವೈದ್ಯನಿಗೆ ಕಳಿಸೋ ಫೋಟೊ ಅಲ್ಲ ಇದು” ಎಂದು ವರನ ಅಪ್ಪನಿಗೇ ಗದರುತ್ತಾಳೆ. ಬೇಯಿಸಿದ ಕುರಿಯ ತಲೆಯನ್ನು ಗೌರವಕ್ಕೆಂದು ಹಿರಿಯನ ಮುಂದಿಟ್ಟಾಗ ಅವನು ಚಾಕು ಹಾಕುವ ಮೊದಲೇ ಫೋಟೊ ಆಗಬೇಕು, ಬಾಯಿ ತುಂಬಿದ ಹಿರಿಯನ ಫೋಟೊವನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ ಎಂಬುದು ಅವಳ ಜೀವನದರ್ಶನ.

ಅವಳ ಹಳೆಯ ಕ್ಯಾಮೆರಾ ಆ ವಾರ ಕಣ್ಣು ಮುಚ್ಚಿತ್ತು. ಬೇಸಿಗೆಯ ಔತಣಗಳು ಶುರುವಾಗಲಿದ್ದವು. ಅವು ಕೈತಪ್ಪಿದರೆ ಚಳಿಗಾಲದ ಕಲ್ಲಿದ್ದಲಿಗೂ ತತ್ವಾರ.

“ಕರಗಂಡ ಪಟ್ಟಣದ ಅಂಗಡೀಲಿ ಹೊಸದಕ್ಕೆ ಒಂಬತ್ತು ಲಕ್ಷ ಟೆಂಗೆ ಅಂತಾರೆ,” ಎಂದಳು.

“ಜಪಾನಿಂದ ತರಿಸಿದ್ರೆ ಆರು, ಅಪ್ಕೆ,” ಎಂದ ಜಲ್ಗಾಸ್.

“ಮೂರು ಲಕ್ಷ ಯಾಕೆ ಬಿಡ್ತಾರೆ? ಜಪಾನಿನೋರಿಗೆ ನಾನೇನಾಗ್ಬೇಕು?”

“ಅಂಗಡಿಯೋರ ಬಾಡಿಗೆ, ಗ್ಯಾರಂಟಿ, ಎಲ್ಲಾ ಸೇರಿಸಿ ತಾನೆ ಇಲ್ಲಿ ಒಂಬತ್ತು?”

“ಅಂದ್ರೆ ಜಪಾನಿಂದಕ್ಕೆ ಗ್ಯಾರಂಟಿ ಇಲ್ಲ.”

“ಇದೆ. ಆದ್ರೆ ಜಪಾನಲ್ಲಿದೆ.”

“ಕೆಟ್ರೆ?”

“ಜಪಾನಿನ ವಸ್ತು ಕೆಡಲ್ಲ ಅಪ್ಕೆ.”

“ನಿಮ್ಮಪ್ಪನ ಕಾರೂ ಜಪಾನಿಂದೇ. ಅದನ್ನ ತಳ್ಳೀ ತಳ್ಳೀ ನನ್ನ ಭುಜ ಬಿದ್ದು ಹೋಗಿದೆ.”

ಆದರೂ ಮೂರು ಲಕ್ಷ ಎಂದರೆ ಮೂರು ಲಕ್ಷ. ಸಂಜೆಯವರೆಗೆ ಚಹಾ ಕುಡಿದು, ಅಪಾಯವನ್ನು ಒಂದು ಕಡೆ, ಉಳಿತಾಯವನ್ನು ಇನ್ನೊಂದು ಕಡೆ ತೂಗಿ, ತಕ್ಕಡಿ ಉಳಿತಾಯದ ಕಡೆಗೆ ವಾಲುವ ಹಾಗೆ ಜಲ್ಗಾಸ್ ಬೆರಳು ಒತ್ತಿದ ಮೇಲೆ, ಇಬ್ಬರೂ ಸೇರಿ ದುಡ್ಡು ಕಟ್ಟಿದರು. ಮಾರುವವನ ಷರತ್ತುಗಳನ್ನು ಅವನು ಪೂರ್ತಿ ಓದಿದ. ಜಪಾನಿ ಭಾಷೆ ಮಾತ್ರ ಎಂಬ ಸಾಲನ್ನೂ ಓದಿದ. ಅದು ಜೊತೆಗೆ ಬರುವ ಪುಸ್ತಕದ ಮಾತು ಎಂದುಕೊಂಡ. ಪುಸ್ತಕ ಯಾರು ಓದುತ್ತಾರೆ?

ಕ್ಯಾಮೆರಾ ಬರುವ ಮೊದಲು ಸುಂಕದ ಚೀಟಿ ಬಂತು. ಉಳಿತಾಯದ ಒಂದು ತುಂಡು ಅಲ್ಲಿ ಹೋಯಿತು. ಆಮೇಲೆ ಪೆಟ್ಟಿಗೆ ಬಂತು. ಚಪ್ಪಟೆ ಕಾಲಿನ ಪ್ಲಗ್ ನಮ್ಮ ಗೋಡೆಗೆ ಹೋಗಲಿಲ್ಲ, ಅದಕ್ಕೊಂದು ತುಂಡು. ಕೊನೆಗೂ ಪರದೆ ಬೆಳಗಿದಾಗ ಜಾವ್ರೆ ಕನ್ನಡಕ ಏರಿಸಿ ನೋಡಿದಳು.

“ಇದೇನೋ, ಕೋಳಿ ಕೆರೆದ ಹಾಗಿದೆ?”

“ಭಾಷೆ ಬದಲಾಯಿಸ್ಬೇಕು ಅಷ್ಟೆ, ಒಂದು ನಿಮಿಷ,” ಎಂದ ಜಲ್ಗಾಸ್. ಆ ನಿಮಿಷ ಊಟದ ಹೊತ್ತಿನವರೆಗೂ ಎಳೆಯಿತು. ಆ ಯಂತ್ರ ತನ್ನ ದೇಶದವರಿಗೆಂದೇ ಹುಟ್ಟಿದ್ದು, ಬೇರೆ ಭಾಷೆ ಅದರ ಹೊಟ್ಟೆಯಲ್ಲೇ ಇರಲಿಲ್ಲ. ಅವನು ಫೋನಿನ ಅನುವಾದವನ್ನು ಪರದೆಗೆ ಹಿಡಿದ. ಫೋನು ಗಟ್ಟಿಯಾಗಿ, “ಕೈನಡುಕಕ್ಕೆ ಕ್ಷಮೆ ಕೋರಿ,” ಎಂದಿತು.

“ಯಾರ ಹತ್ರ ಕೋರ್ಬೇಕು? ಟೋಕಿಯೋಗೆ ಹೋಗ್ಬೇಕಾ?” ಎಂದು ಜಾವ್ರೆ ಏನೋ ಒತ್ತಿದಳು. ಕ್ಯಾಮೆರಾ ಟಕ್ ಟಕ್ ಎಂದು ಎಣಿಸಿ, ಜಲ್ಗಾಸನ ಮೂಗಿನ ಹೊಳ್ಳೆಗಳ ಬಹಳ ಸ್ಪಷ್ಟವಾದ ಫೋಟೊ ತೆಗೆಯಿತು.

ಒಂದು ದಾರಿ ಉಳಿದಿತ್ತು. ಹತ್ತು ದಿನದೊಳಗೆ ವಾಪಸು ಕಳಿಸಿದರೆ ಮಾರುವವನು ದುಡ್ಡು ಹಿಂದಿರುಗಿಸುತ್ತಾನೆ, ಸಾಗಣೆ ಖರ್ಚು ನಮ್ಮದು. ಇದನ್ನು ಇಬ್ಬರೂ ಓದಿ ಮುಗಿಸುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಎದುರುಮನೆಯ ಒರಿನ್‌ಕುಲ್ ಉಪ್ಪು ಕೇಳಲು ಬಂದಿದ್ದಳು. ಮೇಜಿನ ಮೇಲೆ ಹೊಸ ಕ್ಯಾಮೆರಾ ಕಂಡದ್ದೇ ಉಪ್ಪು ಮರೆತಳು.

“ಅಯ್ಯೋ ಜಾವ್ರೆ! ಹೇಳ್ಬಾರ್ದಾ? ಬರೀ ಕೈಲಿ ಬಂದ್ಬಿಟ್ಟೆ!” ಎಂದು ಓಡಿಹೋಗಿ, ಒಂದು ಉಣ್ಣೆಯ ಶಾಲು ತಂದು ಪೆಟ್ಟಿಗೆಯ ಮೇಲೆ ಹೊದಿಸಿದಳು. “ತಗೋ, ಬಾಯ್ಗಜಿ.”

ನಮ್ಮಲ್ಲಿ ಇನ್ನೊಬ್ಬರ ಮನೆಯ ಹೊಸ ವಸ್ತುವನ್ನು ಮೊದಲ ಸಲ ನೋಡಿದವರು ಏನಾದರೂ ಕೊಡದೆ ಹೋಗುವಂತಿಲ್ಲ. ಅದೇ ಬಾಯ್ಗಜಿ. ಕೊಟ್ಟವರಿಗೆ ಚಹಾ ಕೊಡದೆ ಕಳಿಸುವಂತೆಯೂ ಇಲ್ಲ. ಜಲ್ಗಾಸ್ ತೂಗಿದ ಅಪಾಯಗಳಲ್ಲಿ ಸುಂಕವಿತ್ತು, ದಾರಿಯಲ್ಲಿ ಒಡೆಯುವುದಿತ್ತು, ಕಳ್ಳರಿದ್ದರು, ಒರಿನ್‌ಕುಲ್ ಇರಲಿಲ್ಲ. ಸಂಜೆಯೊಳಗೆ ಅದೇ ಮೆಟ್ಟಿಲು ಹತ್ತಿಳಿಯುವ ಮನೆಗಳವರೆಲ್ಲ ಬಂದರು. ಒಬ್ಬಳು ನೋಟು ತುರುಕಿದಳು, ಒಬ್ಬಳು ಕಾಲುಚೀಲ ಕೊಟ್ಟಳು, ಮೇಲಿನ ಮಹಡಿಯ ಮುದುಕ ಅರ್ಧ ಮೀನು ಕೊಟ್ಟು, ಉಳಿದರ್ಧವನ್ನು ಇಲ್ಲೇ ಕುಳಿತು ತಿಂದ. ಬಂದವರಿಗೆಲ್ಲ ಕರಿದ ಹಿಟ್ಟಿನುಂಡೆ ಬೌರ್ಸಾಕ್, ಕುದುರೆ ಮಾಂಸದ ಹೋಳು, ಹಾಲು ಹಾಕಿದ ಚಹಾ. ಕ್ಯಾಮೆರಾವನ್ನು ಯಾರೂ ಮುಟ್ಟದ ಹಾಗೆ ಕಾಯುತ್ತ, ಕೆಟಲ್ ಹೊತ್ತು ಓಡಾಡುತ್ತ, ಉಳಿತಾಯದ ಕೊನೆಯ ತುಂಡನ್ನು ನೆರೆಯವರು ಬೆಣ್ಣೆ ಸವರಿಕೊಂಡು ತಿನ್ನುವುದನ್ನು ಜಲ್ಗಾಸ್ ನೋಡಿದ.

ಎಲ್ಲರೂ ಹೋದ ಮೇಲೆ ಜಾವ್ರೆ ಕಾಲು ನೀಡಿ ಕೂತಳು.

“ವಾಪಸ್ ಕಳಿಸ್ಬಿಡೋಣ.”

ಜಲ್ಗಾಸ್ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅದು ವಾಪಸು ಹೋದರೆ ಅವನ ಪಾಂಡಿತ್ಯವೂ ಅದೇ ಪೆಟ್ಟಿಗೆಯಲ್ಲಿ ಹೋಗುತ್ತದೆ. ಕಾರ್ಖಾನೆಯ ಊಟದ ಮನೆಯಲ್ಲಿ ಜನ ಅವನನ್ನು ಕಂಡು ಜಪಾನಿಯಲ್ಲಿ ನಮಸ್ಕಾರ ಹೇಳತೊಡಗುತ್ತಾರೆ. ಹುಟ್ಟಿದಾಗಿನಿಂದ ಒಂದು ಸಂಪ್ರದಾಯಕ್ಕೂ ಬೆಲೆ ಕೊಡದ ಅವನು ಥಟ್ಟನೆ ಅಜ್ಜನಂತೆ ಮಾತಾಡಿದ.

“ಬಾಯ್ಗಜಿ ಇಸ್ಕೊಂಡ ವಸ್ತುನ ವಾಪಸ್ ಕಳಿಸೋದಾ ಅಪ್ಕೆ? ಜನ ಏನಂದಾರು? ಹಿರಿಯರು ಮಾಡಿದ್ದಕ್ಕೆ ಒಂದು ಅರ್ಥ ಇರತ್ತೆ.”

“ಹಿರಿಯರು ಕ್ಯಾಮೆರಾ ತರಿಸಿದ್ರಾ?”

“ನೀವು ಕಲಿತ್ಕೋತೀರಿ. ಮೇಲಿಂದ ಮೂರನೇದು ಬೆಳಕು, ಅದರ ಕೆಳಗಿಂದು—”

“ಮದುವಣಗಿತ್ತಿ ಮುಸುಕು ತೆಗೆಯೋದು ಒಂದೇ ಸಲ ಕಣೋ. ಆಗ ನಾನು ಮೂರನೇದೋ ನಾಕನೇದೋ ಅಂತ ಎಣಿಸ್ತಾ ನಿಲ್ಲಲಾ? ಮುಸುಕು ಇನ್ನೊಂದ್ಸಲ ಹಾಕ್ಕೊಳಮ್ಮಾ ಅನ್ನಲಾ? ಕೆಟ್ಟು ನಿಂತ್ರೆ ಈ ಊರಲ್ಲಿ ಇದರ ಹೊಟ್ಟೆ ಬಿಚ್ಚೋರು ಯಾರು, ನೀನಾ?”

  ಜಾವ್ರೆ ಶಾಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ನೆರೆಯವರ ಮುಖ ಅವಳಿಗೂ ಕಣ್ಣ ಮುಂದೆ ಬಂದಿರಬೇಕು. ಈ ಜನರ ಮದುವೆಗಳಲ್ಲೇ ಅವಳ ಅನ್ನ. ಆಮೇಲಿನ ದಿನಗಳಲ್ಲಿ ಪೆಟ್ಟಿಗೆ ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಮೇಜಿಗೆ ಓಡಾಡಿತು. ಜಲ್ಗಾಸ್ ದಿನಾ ಬಂದು ಪೆಟ್ಟಿಗೆ ಎಲ್ಲಿದೆ ಎಂದು ನೋಡಿ, ಅದರ ಪ್ರಕಾರ ಉಸಿರು ಬಿಡುತ್ತಿದ್ದ. ಗಡುವಿನ ಕೊನೆಯ ದಿನ ಬಂದಾಗ ಪೆಟ್ಟಿಗೆ ಜಾವ್ರೆಯ ಕಂಕುಳಲ್ಲಿತ್ತು.

“ನಡಿ ಪಂಡಿತ, ಅಂಚೆ ಕಚೇರಿಗೆ. ಆ ವಿಳಾಸ ಬರೆಯೋಕೆ ನೀನಾದ್ರೂ ಬೇಕಲ್ಲ.”

ಹೊರದೇಶಕ್ಕೆ ಹೋಗುವ ಪೆಟ್ಟಿಗೆಯನ್ನು ಅಂಚೆಯವರು ಬಿಚ್ಚಿ ನೋಡಲೇಬೇಕು. ಕಿಟಕಿಯ ಹಿಂದೆ ಕೂತ ಕಲಾಂಪಿರ್ ಎಂಬ ಹುಡುಗಿ ಮುಚ್ಚಳ ತೆಗೆದಳು. ತೆಗೆದವಳೇ ಮುಖ ಅರಳಿಸಿದಳು.

“ಅಪ್ಕೆ! ಹೊಸದಾ? ನನಗೆ ತೋರಿಸ್ಲೇ ಇಲ್ವಲ್ಲ!” ಅವಳ ಕೈ ತಾನಾಗಿ ಚೀಲಕ್ಕೆ ಹೋಗಿ, ಒಂದು ನೋಟು ತಂದು ಕಿಟಕಿಯ ಹಲಗೆಯ ಮೇಲೆ ಇಟ್ಟಿತು. ಆಮೇಲೆ ಕಣ್ಣು ಜಲ್ಗಾಸ್ ಬರೆದ ಚೀಟಿಯ ಮೇಲೆ ಬಿತ್ತು. ‘ಖರೀದಿದಾರರಿಂದ ವಾಪಸು.’ ನೋಟನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಬಿಡಲೂ ಮನಸ್ಸಿಲ್ಲ. ಹುಡುಗಿ ಅದರ ಮೇಲೆ ಒಂದು ಬೆರಳಿಟ್ಟು ಕೂತಳು.

 ಪಿಂಚಣಿಗೆ ಬಂದು ಸಾಲಿನ ನಡುವೆ ನಿಂತಿದ್ದ ಒರಿನ್‌ಕುಲ್ ಕತ್ತು ಉದ್ದ ಮಾಡಿದಳು. ಜಲ್ಗಾಸ್ ಗೋಡೆಯ ಮೇಲಿದ್ದ ಅಂಚೆಚೀಟಿಗಳ ಜಾಹೀರಾತನ್ನು ಅತ್ಯಂತ ಆಸಕ್ತಿಯಿಂದ ಓದತೊಡಗಿದ.

“ಜಾವ್ರೆ, ವಾಪಸ್ ಕಳಿಸ್ತಿದ್ದೀಯಾ?” ಎಂದಳು ಒರಿನ್‌ಕುಲ್.

“ಹ್ಞೂಂ. ಈ ಹುಡುಗ ಸರಿಯಾಗಿ ಓದ್ದೆ ತರಿಸಿದ, ನಾನು ಸರಿಯಾಗಿ ಕೇಳ್ದೆ ಒಪ್ಪಿದೆ.”

“ಅದು ಸರಿ... ನಾನು ಕೇಳಬಾರ್ದು, ಆದ್ರೂ ಕೇಳ್ತೀನಿ. ನಾವೆಲ್ಲ ಬಾಯ್ಗಜಿ ಕೊಟ್ಟಿದ್ವಲ್ಲ, ಅದೇನಾಗ್ಬೇಕು ಈಗ?”

ಜಾವ್ರೆ ಕಲಾಂಪಿರಳ ಬೆರಳಿನ ಕೆಳಗಿಂದ ನೋಟನ್ನು ಮೆಲ್ಲಗೆ ಎಳೆದು ಕಿಸೆಗೆ ಹಾಕಿಕೊಂಡು, ತಿರುಗಿ ನಿಂತಳು.

“ನೋಡೋಕೆ ಕೊಟ್ರಿ, ನೋಡಿದ್ರಿ, ಚಹಾ ಕುಡಿದ್ರಿ. ಶಾಲು ನಂಗೆ ಚೆನ್ನಾಗಿ ಒಪ್ಪತ್ತೆ, ಕೊಡಲ್ಲ. ಮುಂದಿನ ವಾರ ಕರಗಂಡದ ಅಂಗಡಿಯಿಂದ ಇನ್ನೊಂದು ತರ್ತೀನಿ. ಬನ್ನಿ ಎಲ್ಲಾರೂ, ಬರೀ ಕೈಲಿ ಮಾತ್ರ ಬರ್ಬೇಡಿ.”